ಹಳೆಯ ಜೀಪಿಗೆ ಹೊಸ ಆಕ್ಸಲ್ ಕೊಳ್ಳುವ ಮೊದಲು



ಮೇ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ಸಕಲೇಶಪುರ, ಮೂಡಿಗೆರೆ ಸೀಮೆಯಲ್ಲಿ ಮಳೆ ಹಿಡಿಯುವುದರೊಳಗೆ ಮುಗಿಸಬೇಕಾದ ಕೆಲಸಗಳು ಸಾಲುಗಟ್ಟಿ ನಿಲ್ಲುತ್ತವೆ. ಚರಂಡಿ ಬಿಡಿಸಬೇಕು, ಸೌದೆ ಒಳಗೆ ಹಾಕಬೇಕು, ಸೋರುವ ಹೆಂಚು ಬದಲಾಯಿಸಬೇಕು, ಗೊಬ್ಬರ ತಂದಿಟ್ಟುಕೊಳ್ಳಬೇಕು. ಈ ಸಾಲಿಗೆ ನಾನು ಇನ್ನೊಂದು ಕೆಲಸ ಸೇರಿಸಿಕೊಂಡು ಆರು ವರ್ಷವಾಯಿತು. ಅಂಗಳದಲ್ಲಿ ನಿಂತ ಜೀಪಿನ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗುತ್ತೇನೆ. ಟಾರ್ಚು ಹಿಡಿದು, ಮುಂದಿನ ಆಕ್ಸಲ್ಲಿನ ಜಾಯಿಂಟುಗಳ ಗ್ರೀಸು ಕಾಯುವ ರಬ್ಬರ್ ಬೂಟುಗಳ ಒಂದೊಂದು ಮಡಿಕೆಯನ್ನೂ ಬೆರಳಲ್ಲಿ ಬಿಡಿಸಿ ನೋಡುತ್ತೇನೆ. ಈ ಕೆಲಸ ನನಗೆ ಅಂಟಿಕೊಂಡದ್ದು ಹೇಗೆ ಎಂಬುದರಿಂದಲೇ ಇವತ್ತಿನ ಮಾತು ಶುರುಮಾಡುತ್ತೇನೆ.

ಅದು ಜುಲೈ ನಡುವಿನ ಒಂದು ಸಂಜೆ. ಎಂಟು ಚೀಲ ಗೊಬ್ಬರ ಹೇರಿಕೊಂಡು ತೋಟದ ಹಳ್ಳ ದಾಟಿ ಏರು ಹತ್ತುತ್ತಿದ್ದೆ. ಅಲ್ಲೊಂದು ಕಡಿದಾದ ತಿರುವಿದೆ. ಗಾಡಿ ಫೋರ್ ವೀಲ್ ಲೋ ಗೇರಿನಲ್ಲಿತ್ತು, ಸ್ಟೇರಿಂಗ್ ಪೂರ್ತಿ ಬಲಕ್ಕೆ ಎಳೆದಿದ್ದೆ. ಕೆಸರಿನಲ್ಲಿ ಸುಮ್ಮನೆ ಸುತ್ತುತ್ತಿದ್ದ ಮುಂದಿನ ಎಡಚಕ್ರ ಒಮ್ಮೆಗೇ ಅಡಿಯ ಬಂಡೆಯನ್ನು ಕಚ್ಚಿತು. ಒಣಗಿದ ದಿಮ್ಮಿಗೆ ಕೊಡಲಿ ಬಿದ್ದಂಥ ಸದ್ದಾಯಿತು. ಅಷ್ಟೆ, ಮುಂದಿನ ಚಕ್ರಗಳು ಎರಡೂ ನಿಂತುಬಿಟ್ಟವು. ಹಿಂದಿನವು ಕೆಸರು ಎರಚುತ್ತಾ ಕುಳಿತವು. ಆ ಮಳೆಯಲ್ಲಿ ಆಳುಗಳು ಚೀಲ ಹೊತ್ತು ಅರ್ಧ ಮೈಲಿ ನಡೆದರು. ತಿರುಗಿಸುವಾಗ ಟಕ್ ಟಕ್ ಎನ್ನುವ ಸದ್ದು ಎರಡು ತಿಂಗಳಿಂದ ನನ್ನ ಕಿವಿಗೆ ಬೀಳುತ್ತಿತ್ತು. ಮಳೆ ಕಳೆಯಲಿ, ಆಮೇಲೆ ನೋಡೋಣ ಎಂದು ಮುಂದೆ ಹಾಕಿದವನು ನಾನೇ. ನನ್ನ ಉದಾಸೀನದ ಭಾರವನ್ನು ಅವರು ತಲೆಯ ಮೇಲೆ ಹೊತ್ತರು ಎಂಬುದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಮರುದಿನ ಟ್ರ್ಯಾಕ್ಟರಿನಲ್ಲಿ ಎಳೆಸಿಕೊಂಡು ಪೇಟೆಯ ಗ್ಯಾರೇಜಿಗೆ ತಂದೆ. ಅಲ್ಲಿನ ಹಿರಿಯ ಮೆಕ್ಯಾನಿಕ್ಕನ್ನು ನಾವೆಲ್ಲ ಕಾಕಾ ಎಂದೇ ಕರೆಯುವುದು. ಅವರು ಆಕ್ಸಲ್ ಬಿಚ್ಚಿ ಹೊರಗಿನ ಜಾಯಿಂಟನ್ನು ತಗಡಿನ ತಟ್ಟೆಗೆ ಬಗ್ಗಿಸಿದರು. ಕಾಫಿ ಚರಟದಂಥ ಕಂದು ಗಸಿಯ ಜೊತೆ ಮೂರು ತುಂಡಾದ ಒಂದು ಉಕ್ಕಿನ ಬಳೆ ಬಿತ್ತು. ಕಾಕಾ ಆ ಗಸಿಯನ್ನು ಎರಡು ಬೆರಳ ನಡುವೆ ಉಜ್ಜಿ ನನಗೂ ತೋರಿಸಿದರು. ಗರಗರ ಎನ್ನುತ್ತಿತ್ತು. "ಗೌಡ್ರೇ, ಇದು ನಿನ್ನೆ ಮುರಿದದ್ದಲ್ಲ. ಬೂಟು ಹರಿದ ದಿನವೇ ಇದರ ಕತೆ ಮುಗಿದಿತ್ತು. ನಿಮಗೆ ಗೊತ್ತಾದದ್ದು ನಿನ್ನೆ" ಎಂದರು.

ಅವಸರದಲ್ಲಿ ನಾನು ಮಾಡಿದ ಎರಡನೆಯ ತಪ್ಪನ್ನೂ ಹೇಳಿಬಿಡಬೇಕು. ಸಿಕ್ಕಿದ ಅಗ್ಗದ ಹೊಸ ಆಕ್ಸಲ್ ತಂದು ಹಾಕಿಸಿ, ಹಳೆಯದನ್ನು ಒಳಗಿನ ಜಾಯಿಂಟು, ದಂಡ ಎಲ್ಲದರ ಸಮೇತ ಗುಜರಿಗೆ ಕೊಟ್ಟೆ. ಆ ಹೊಸದು ಹದಿನಾಲ್ಕು ತಿಂಗಳಿಗೆ ಮತ್ತೆ ಟಕ್ ಟಕ್ ಎಂದಿತು. ಬಲಗಡೆಯ ಹಳೆಯ ಮೂಲ ಆಕ್ಸಲ್ ಮಾತ್ರ, ಬೂಟು ಬದಲಾಯಿಸಿಕೊಂಡು, ಇಂದಿಗೂ ಸದ್ದಿಲ್ಲದೆ ಓಡುತ್ತಿದೆ. ಒಂದೇ ಗಾಡಿ, ಒಂದೇ ದಾರಿ, ಒಬ್ಬನೇ ಓಡಿಸುವವನು. ಹಾಗಿದ್ದೂ ಈ ವ್ಯತ್ಯಾಸ ಏಕೆ ಎಂದು ಹುಡುಕುತ್ತಾ ಹೋದಾಗ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಈ ಜಾಯಿಂಟು ಮಾಡುವ ಕೆಲಸ ಏನು ನೋಡೋಣ. ಮುಂದಿನ ಚಕ್ರಕ್ಕೆ ಮೂರು ಪಾಡು. ಅದು ತಿರುಗಬೇಕು, ಎಡಬಲಕ್ಕೆ ಹೊರಳಬೇಕು, ಹೊಂಡ ದಿಣ್ಣೆಗೆ ಸರಿಯಾಗಿ ಮೇಲೆ ಕೆಳಗೆ ಆಡಬೇಕು. ಇಷ್ಟರ ನಡುವೆ ಎಂಜಿನ್ನಿನ ಬಲ ಅದಕ್ಕೆ ತಪ್ಪದೆ ಮುಟ್ಟಬೇಕು. ಲಾರಿ, ಬಸ್ಸುಗಳ ಕೆಳಗೆ ಉದ್ದದ ಪ್ರೊಪೆಲ್ಲರ್ ಶಾಫ್ಟಿನ ತುದಿಯಲ್ಲಿ ಅಡ್ಡಕಡ್ಡಿಯ ಯೂನಿವರ್ಸಲ್ ಜಾಯಿಂಟನ್ನು ನೀವು ನೋಡಿರುತ್ತೀರಿ. ಅದು ಗಟ್ಟಿಮುಟ್ಟು, ಆದರೆ ಬಾಗಿದಾಗ ಅದರ ನಡಿಗೆ ಏರುಪೇರಾಗುತ್ತದೆ. 30 ಡಿಗ್ರಿ ಬಾಗಿಸಿ ಒಂದು ಕಡೆಯಿಂದ ನಿಮಿಷಕ್ಕೆ 60 ಸುತ್ತಿನ ಸಮವೇಗದಲ್ಲಿ ತಿರುಗಿಸಿದರೆ, ಇನ್ನೊಂದು ಕಡೆ ಪ್ರತಿ ಸುತ್ತಿನಲ್ಲೂ ಎರಡು ಸಲ 69ರ ವೇಗಕ್ಕೆ ಏರಿ ಎರಡು ಸಲ 52ಕ್ಕೆ ಇಳಿಯುತ್ತದೆ. ಸ್ಟೇರಿಂಗ್ ಹಿಡಿದ ಕೈಗೆ ಇದು ನಡುಕವಾಗಿ ಮುಟ್ಟುತ್ತದೆ, ಟೈರು ಎಳೆದೆಳೆದು ಸವೆಯುತ್ತದೆ.

ಈ ತೊಡಕಿಗೆ 1926ರಲ್ಲಿ ಎರಡು ದೇಶಗಳಲ್ಲಿ ಎರಡು ಬಗೆಯ ಉತ್ತರ ಸಿಕ್ಕಿತು. ಫ್ರಾನ್ಸಿನಲ್ಲಿ ಫೆನಾಯ್ ಮತ್ತು ಗ್ರೆಗ್ವಾರ್ ಎಂಬಿಬ್ಬರು ಟ್ರಾಕ್ಟಾ ಜಾಯಿಂಟು ಮಾಡಿದರು. ಅಮೆರಿಕದಲ್ಲಿ ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್ಫ್ರೆಡ್ ರ‍್ಸೆಪ್ಪಾ ಇನ್ನೊಂದು ಉಪಾಯ ಕಂಡುಹಿಡಿದರು. ಇಂದು ನಮ್ಮ ಗಾಡಿಗಳ ಹೊರಜಾಯಿಂಟಿನಲ್ಲಿ ಇರುವುದು ರ‍್ಸೆಪ್ಪಾ ಅವರ ಉಪಾಯವೇ. ಗಂಟೆಯಾಕಾರದ ಒಂದು ಬಟ್ಟಲು, ಅದರ ಒಳಮೈಯಲ್ಲಿ ಆರು ಜಾಡು. ಒಳಗೊಂದು ಗುಂಡು, ಅದರ ಮೇಲೂ ಆರು ಜಾಡು. ನಡುವೆ ಆರು ಉಕ್ಕಿನ ಗುಂಡುಗಳು, ಅವು ಚೆದುರದಂತೆ ಹಿಡಿದಿಡುವ ಕಿಟಕಿ ಕೊರೆದ ಬಳೆ. ಕಾಕಾ ಅವರ ತಟ್ಟೆಗೆ ಮೂರು ತುಂಡಾಗಿ ಬಿದ್ದದ್ದು ಆ ಬಳೆ. ಜಾಯಿಂಟು ಎಷ್ಟೇ ಬಾಗಲಿ, ಆರೂ ಗುಂಡುಗಳು ಆ ಕೋನದ ಸರಿ ಅರ್ಧದಲ್ಲಿ ನಿಲ್ಲುತ್ತವೆ. ಅದರಿಂದಲೇ ಎರಡು ಕಡೆಯ ವೇಗವೂ ಒಂದೇ. ಕಾನ್‌ಸ್ಟಂಟ್ ವೆಲಾಸಿಟಿ, ಅಂದರೆ ಸಮವೇಗ ಎಂಬ ಹೆಸರು ಬಂದದ್ದು ಹೀಗೆ. ಎರಡನೆಯ ಮಹಾಯುದ್ಧದ ಜೀಪುಗಳ ಮುಂದಿನ ಆಕ್ಸಲ್ಲಿನಲ್ಲಿ ಟ್ರಾಕ್ಟಾ, ರ‍್ಸೆಪ್ಪಾ ಎರಡೂ ದುಡಿದಿವೆ. 1959ರಲ್ಲಿ ಇಂಗ್ಲೆಂಡಿನ ಪುಟ್ಟ ಮಿನಿ ಕಾರು ಬಂದ ಮೇಲಂತೂ ರ‍್ಸೆಪ್ಪಾ ಮಾದರಿ ಮನೆಮನೆಯ ಕಾರಿಗೂ ಇಳಿಯಿತು.

ಹೊರಜಾಯಿಂಟು 45 ಡಿಗ್ರಿಯ ಆಸುಪಾಸು ಬಾಗಬಲ್ಲದು. ಒಳಜಾಯಿಂಟಿನ ಕೆಲಸ ಬೇರೆ. ಚಕ್ರ ಮೇಲೆ ಕೆಳಗೆ ಆಡಿದಾಗ ಆಕ್ಸಲ್ಲಿನ ಉದ್ದ ಹೆಚ್ಚುಕಡಿಮೆಯಾಗಬೇಕಲ್ಲ, ಅದಕ್ಕೆ ಎಡೆ ಮಾಡಿಕೊಡುವುದು ಅದು. ಬಹುಪಾಲು ಗಾಡಿಗಳಲ್ಲಿ ಅದರೊಳಗೆ ಮೂರು ಉರುಳೆಗಳ ಟ್ರೈಪಾಡ್ ಇರುತ್ತದೆ, ಹಿಂದೆ ಮುಂದೆ ಜಾರುತ್ತದೆ.

ಇಲ್ಲಿ ಒಂದು ಭೇದ ಹೇಳಬೇಕು. ನಮ್ಮ ಕಡೆ ಫೋರ್ ವೀಲ್ ಗಾಡಿ ಯಾವುದೇ ಇರಲಿ, ಎಲ್ಲಕ್ಕೂ ಜೀಪು ಎಂದೇ ಹೆಸರು. ಆದರೆ ಹೊಟ್ಟೆಯ ಕೆಳಗೆ ಎರಡು ಜಾತಿಗಳಿವೆ. 1985ರಲ್ಲಿ ಬಂದ ಮಾರುತಿ ಜಿಪ್ಸಿಯದು ಎಡದಿಂದ ಬಲಕ್ಕೆ ಒಂದೇ ಕೊಳವೆಯ ಗಟ್ಟಿ ಆಕ್ಸಲ್. ಅದರ ಸಮವೇಗದ ಜಾಯಿಂಟು ಚಕ್ರದ ಹತ್ತಿರದ ಉಕ್ಕಿನ ಗೋಳದೊಳಗೆ ಅಡಗಿ ಕುಳಿತಿರುತ್ತದೆ. ಅಲ್ಲಿ ಹರಿಯುವುದಕ್ಕೆ ಹೊರಗೆ ತೂಗುವ ಬೂಟಿಲ್ಲ. ಆ ಗೋಳದ ಸೀಲು, ಒಳಗಿನ ಗ್ರೀಸು ಇವೆರಡನ್ನು ಕಾಯ್ದರೆ ಸಾಕು. 2010ರ ಮೊದಲ ಥಾರ್ ಸಿ.ಆರ್.ಡಿ.ಇ., ಹಳೆಯ ಸಫಾರಿ ಫೋರ್ ವೀಲ್, ಪಜೇರೊ ಇವೆಲ್ಲ ಎರಡನೆಯ ಜಾತಿ. ಮುಂದಿನ ಎರಡು ಚಕ್ರಗಳೂ ಬೇರೆ ಬೇರೆಯಾಗಿ ಆಡುತ್ತವೆ, ಟಾರ್ಷನ್ ಬಾರ್ ಅವನ್ನು ಹೊತ್ತಿರುತ್ತದೆ. ಡಿಫರೆನ್ಷಿಯಲ್ಲಿನಿಂದ ಚಕ್ರದವರೆಗೆ ಎರಡು ಗಿಡ್ಡ ಆಕ್ಸಲ್‌ಗಳು, ಒಂದೊಂದಕ್ಕೂ ಎರಡೆರಡು ಬೂಟು. ತೋಟದ ಲಂಟಾನ ಕಡ್ಡಿ, ಕಡಿದ ಕಾಫಿ ಗಿಡದ ಚೂಪು ಮೋಟು, ಚೂರುಗಲ್ಲು ಎಲ್ಲಕ್ಕೂ ನೇರ ಎದುರಾಗುವುದು ಈ ಬೂಟುಗಳು. ನನ್ನ ಮಾತು ಈ ಎರಡನೆಯ ಜಾತಿಯ ಗಾಡಿಗಳ ಬಗ್ಗೆ.

ಬಾಳಿಕೆಯ ಆಕ್ಸಲ್ ಬೇಕು ಎಂದು ಅಂಗಡಿಗೆ ಹೋಗುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಈಗಿರುವುದು ನಿಜವಾಗಿ ಸತ್ತಿದೆಯೇ? ಕಾರ್ಖಾನೆಯಿಂದ ಗಾಡಿಯ ಜೊತೆ ಬಂದ ಆಕ್ಸಲ್ಲಿಗೆ ಸಮನಾದದ್ದು ಪೇಟೆಯಲ್ಲಿ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಬೂಟು ಹರಿದು ಒಂದೆರಡು ವಾರವಾಗಿದ್ದು ಇನ್ನೂ ಸದ್ದು ಶುರುವಾಗಿಲ್ಲ ಎಂದರೆ, ಬಿಚ್ಚಿಸಿ, ತೊಳೆಸಿ, ಹೊಸ ಗ್ರೀಸು ತುಂಬಿಸಿ, ಹೊಸ ಬೂಟು ಹಾಕಿಸಿ. ಎಷ್ಟೋ ಗ್ಯಾರೇಜುಗಳಲ್ಲಿ ಆಕ್ಸಲ್ ಇಡಿಯಾಗಿ ಬದಲಾಯಿಸಿಬಿಡಿ ಎನ್ನುತ್ತಾರೆ. ಕೆಲಸ ಬೇಗ ಮುಗಿಯುತ್ತದೆ, ಕೈಗೆ ಗ್ರೀಸು ಮೆತ್ತುವುದಿಲ್ಲ. ಹಾಗೆ ಬದಲಾಯಿಸುವಾಗ ಒಳ್ಳೆಯ ಉಕ್ಕನ್ನು ಕೊಟ್ಟು ಹೇಗಿದೆಯೋ ತಿಳಿಯದ ಉಕ್ಕನ್ನು ಮನೆಗೆ ತರುತ್ತೇವೆ ಎಂಬುದು ಮಾತ್ರ ನೆನಪಿರಲಿ.

ಸತ್ತಿದೆಯೋ ಇಲ್ಲವೋ ತಿಳಿಯಲು ಬಿಚ್ಚಿದ ಜಾಯಿಂಟನ್ನು ಕಣ್ಣಾರೆ ನೋಡಬೇಕು. ಗುಂಡು ಓಡಾಡುವ ಜಾಡಿನ ಮೇಲೆ ಉಗುರು ಎಳೆಯಿರಿ. ಹೊಳಪಿನ ಪಟ್ಟೆ ಮಾತ್ರ ಇದ್ದು ಉಗುರು ಸರಾಗ ಜಾರಿದರೆ ಜೀವ ಇದೆ. ಉಗುರು ತಡೆದರೆ, ಸಿಡುಬಿನ ಕಲೆಯಂಥ ಗುಳಿ ಕಂಡರೆ, ಬಳೆಯ ಕಿಟಕಿಯಲ್ಲಿ ಗುಂಡು ಗಡಗಡ ಆಡಿದರೆ ಅದರ ಕಾಲ ಮುಗಿಯಿತು. ಗಾಡಿ ಓಡಿಸುವಾಗಲೂ ಸುಳಿವು ಸಿಗುತ್ತದೆ. ತಿರುವಿನಲ್ಲಿ ಟಕ್ ಟಕ್ ಎಂದರೆ ಹೊರಜಾಯಿಂಟು. ನೇರ ದಾರಿಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಮೈ ನಡುಗಿದರೆ, ಕಾಲು ತೆಗೆದು ಮತ್ತೆ ಒತ್ತಿದಾಗ ದಡ್ ಎಂದರೆ ಒಳಜಾಯಿಂಟು. ವೇಗ ಏರಿದಂತೆ ಏರುವ ಗುಂಯ್ ಸದ್ದು ಸಾಮಾನ್ಯವಾಗಿ ಚಕ್ರದ ಬೇರಿಂಗಿನದು, ಅದಕ್ಕೆ ಆಕ್ಸಲ್ಲನ್ನು ದೂರಬಾರದು. ಒಂದು ಸೂಕ್ಷ್ಮವಿದೆ. ನಮ್ಮ ಹಳೆಯ ಗಾಡಿಗಳು ಟಾರು ರಸ್ತೆಯಲ್ಲಿ ಓಡುವುದು ಹಿಂದಿನ ಎರಡು ಚಕ್ರದ ಬಲದಲ್ಲಿ. ಮುಂದಿನ ಆಕ್ಸಲ್ಲಿನ ಮೇಲೆ ಆಗ ಹೊರೆಯೇ ಇರುವುದಿಲ್ಲ, ಕೆಟ್ಟ ಜಾಯಿಂಟು ಕೂಡ ಬಾಯಿ ಮುಚ್ಚಿಕೊಂಡಿರುತ್ತದೆ. ಪರೀಕ್ಷೆ ಮಾಡುವವರು ಮಣ್ಣಿನ ಬಯಲಿಗೆ ಹೋಗಿ, ಫೋರ್ ವೀಲ್ ಹಾಕಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನಿಧಾನವಾಗಿ ಸುತ್ತು ಹೊಡೆದು ಕಿವಿಗೊಡಬೇಕು. ಕಿಟಕಿ ಗಾಜು ಇಳಿಸಿಕೊಂಡಿರಿ.

ಕಾಕಾ ಕಲಿಸಿದ ಒಂದು ಹಳೆಯ ಯುಕ್ತಿ ಇದೆ. ಗಾಡಿ ಹೆಚ್ಚಾಗಿ ಮುಂದಕ್ಕೆ ಓಡುತ್ತದೆಯಾದ್ದರಿಂದ ಗುಂಡುಗಳು ಜಾಡಿನ ಒಂದೇ ಪಕ್ಕವನ್ನು ತಿನ್ನುತ್ತವೆ. ಎಡಬಲದ ಹೊರಜಾಯಿಂಟುಗಳು ಒಂದೇ ಅಳತೆಯವಾದರೆ, ಬೂಟು ಬದಲಾಯಿಸುವಾಗ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಬಹುದು. ಸವೆಯದೆ ಉಳಿದ ಪಕ್ಕ ಈಗ ಹೊರೆ ಹೊರುತ್ತದೆ. ಗುಳಿ ಬಿದ್ದದ್ದನ್ನು ಇದು ಬದುಕಿಸುವುದಿಲ್ಲ, ತುಸು ಸವೆದದ್ದಕ್ಕೆ ಆಯಸ್ಸು ಕೊಡುತ್ತದೆ. ಬಿಚ್ಚುವಾಗ ಯಾವ ಗುಂಡು ಯಾವ ಜಾಡಿನಲ್ಲಿತ್ತು ಎಂದು ಬಣ್ಣದ ಚುಕ್ಕಿ ಇಟ್ಟುಕೊಂಡು, ಅಲ್ಲಲ್ಲಿಗೇ ಹಿಂದಿರುಗಿಸಬೇಕು.

ಈಗ, ನಿಜವಾಗಿಯೂ ಸತ್ತೇ ಹೋಗಿದೆ, ಹೊಸದು ಕೊಳ್ಳಲೇಬೇಕು ಎನ್ನೋಣ. ಎಲ್ಲ ಆಕ್ಸಲ್ಲೂ ಹೊರಗಿನಿಂದ ಒಂದೇ ಥರ ಕಾಣುತ್ತವೆ, ಕಪ್ಪು ಬಣ್ಣ ಬಳಿದಿರುತ್ತಾರೆ. ಭೇದ ಇರುವುದು ಕಣ್ಣಿಗೆ ಕಾಣದ ಹದದಲ್ಲಿ. ನಮ್ಮ ಊರಿನ ಕಮ್ಮಾರ ಕತ್ತಿಗೆ ಹದ ಹಾಕುತ್ತಾನಲ್ಲ, ಬಾಯಿ ಗಡುಸು, ಬೆನ್ನು ಮೆದು, ಅದೇ ತತ್ತ್ವ ಇಲ್ಲೂ ಇದೆ. ಬಟ್ಟಲಿನ ಜಾಡುಗಳ ಮೈ ಮಾತ್ರ ಒಂದೆರಡು ಮಿಲಿಮೀಟರ್ ಆಳಕ್ಕೆ ಗಾಜಿನಷ್ಟು ಗಡುಸಾಗಬೇಕು, ಅದರ ಹಿಂದಿನ ಉಕ್ಕು ಪೆಟ್ಟು ತಿಂದು ತಾಳುವಷ್ಟು ಮೆದುವಾಗಿರಬೇಕು. ಇಂಡಕ್ಷನ್ ಹಾರ್ಡನಿಂಗ್ ಎಂದು ಇದನ್ನು ಕರೆಯುತ್ತಾರೆ. ಸುರುಳಿ ತಂತಿಯಲ್ಲಿ ವಿದ್ಯುತ್ತು ಹರಿಸಿ ಮೇಲ್ಮೈಯನ್ನಷ್ಟೇ ಕ್ಷಣದಲ್ಲಿ ಕೆಂಪಗೆ ಕಾಯಿಸಿ ತಟ್ಟನೆ ತಣಿಸುವುದು. ಬಳೆಗೂ ಒಳಗಿನ ಗುಂಡಿಗೂ ಬೇರೆ ಹದ, ಇಂಗಾಲ ಉಣ್ಣಿಸಿ ಗಡುಸು ಮಾಡುವುದು. ಈ ಹದ ತೆಳುವಾದರೆ ವರ್ಷದೊಳಗೆ ಗುಳಿ ಬೀಳುತ್ತದೆ, ಅತಿಯಾದರೆ ಗಾಜಿನಂತೆ ಒಡೆಯುತ್ತದೆ. ಅಗ್ಗದ ಆಕ್ಸಲ್ಲಿನಲ್ಲಿ ಉಳಿತಾಯ ಆಗಿರುವುದು ಸಾಮಾನ್ಯವಾಗಿ ಇಲ್ಲಿ ಮತ್ತು ಬೂಟಿನಲ್ಲಿ. ಕೊಳ್ಳುವವನು ಅಂಗಡಿಯ ಗಲ್ಲೆಯ ಮುಂದೆ ನಿಂತು ಹದ ಅಳೆಯಲಾರ. ಅದಕ್ಕೇ ಮಾಡಿದವರು ಯಾರು ಎಂಬುದು ಮುಖ್ಯವಾಗುತ್ತದೆ.

ಗಾಡಿ ಕಂಪನಿಗಳು ಬಹಳಷ್ಟು ಸಲ ಈ ಆಕ್ಸಲ್ಲನ್ನು ತಾವೇ ಮಾಡುವುದಿಲ್ಲ. ಜಗತ್ತಿನಲ್ಲಿ ಇದನ್ನೇ ಕಸುಬು ಮಾಡಿಕೊಂಡ ಕೆಲವು ಕಾರ್ಖಾನೆಗಳಿವೆ. ಮಿನಿ ಕಾರಿಗೆ ಜಾಯಿಂಟು ಮಾಡಿಕೊಟ್ಟ ಬರ್ಫೀಲ್ಡ್ ಕಂಪನಿಯನ್ನು 1966ರಲ್ಲಿ ಜಿ.ಕೆ.ಎನ್. ಕೊಂಡುಕೊಂಡಿತು. ಜಪಾನಿನ ಎನ್.ಟಿ.ಎನ್. ಇನ್ನೊಂದು ದೊಡ್ಡ ಹೆಸರು. ನಿಮ್ಮ ಗಾಡಿಗೆ ಕಾರ್ಖಾನೆಯಲ್ಲಿ ಯಾರ ಆಕ್ಸಲ್ ಹಾಕಿದ್ದರೋ ಅದರ ಗುರುತು ಬಟ್ಟಲಿನ ಮೇಲೆ ಅಚ್ಚೊತ್ತಿರುತ್ತದೆ. ಮಣ್ಣು ಕೆರೆದು, ವೈರ್ ಬ್ರಷ್ಷಿನಲ್ಲಿ ಉಜ್ಜಿ ಓದಿಕೊಳ್ಳಿ. ಆ ಗುರುತಿನ ಮಾಲೇ ಸಿಕ್ಕರೆ, ಗಾಡಿ ಕಂಪನಿಯ ಡಬ್ಬಿಯಲ್ಲಿರಲಿ ತಯಾರಕರ ಡಬ್ಬಿಯಲ್ಲಿರಲಿ, ಅದನ್ನು ಕೊಳ್ಳಿ. ನನ್ನ ಅನುಭವದಲ್ಲಿ ಹೆಚ್ಚಿನ ಬೆಲೆಗೆ ಅರ್ಥ ಇರುವ ಬಿಡಿಭಾಗಗಳಲ್ಲಿ ಇದು ಮೊದಲನೆಯದು. ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ತಿಂಗಳು, ವರ್ಷ, ಬೆಲೆ ಅಚ್ಚಾಗಿರಬೇಕು. ಇಷ್ಟೂ ಇಲ್ಲದ ಬರಿಯ ಬಿಳಿ ಡಬ್ಬಿಯನ್ನು ಮುಟ್ಟಬೇಡಿ.

ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವವರು ಎರಡು ವಸ್ತು ಜೊತೆಗೆ ಒಯ್ಯಬೇಕು. ಒಂದು, ಗಾಡಿಯ ಚಾಸಿ ನಂಬರು. ಒಂದೇ ಹೆಸರಿನ ಗಾಡಿಯಲ್ಲೂ ನಡುವೆ ಭಾಗಗಳು ಬದಲಾಗಿರುತ್ತವೆ. ಇನ್ನೊಂದು, ಹಳೆಯ ಆಕ್ಸಲ್ಲೇ. ಹೌದು, ಭಾರ, ಬಸ್ಸಿನಲ್ಲಿ ಒಯ್ಯುವುದು ಕಷ್ಟ. ಆದರೂ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಉದ್ದ ಅಳೆಯಿರಿ. ಎರಡು ತುದಿಯ ಸ್ಪ್ಲೈನಿನ ಹಲ್ಲುಗಳನ್ನು ಎಣಿಸಿರಿ. ನಡುವಿನ ದಂಡದ ದಪ್ಪ ನೋಡಿರಿ, ಹೊಸದು ಹಳೆಯದಕ್ಕಿಂತ ಸಣಕಲಾಗಿದ್ದರೆ ಅಲ್ಲೇ ಬಿಟ್ಟು ಬನ್ನಿ. ಎ.ಬಿ.ಎಸ್. ಬ್ರೇಕಿರುವ ಗಾಡಿಯಲ್ಲಿ ಹೊರಜಾಯಿಂಟಿನ ಸುತ್ತ ಹಲ್ಲಿನ ಬಳೆ ಇದ್ದರೆ ಅದರ ಹಲ್ಲುಗಳೂ ಸರಿಹೊಂದಬೇಕು. ಕೈಯಲ್ಲಿ ಹಿಡಿದು ಜಾಯಿಂಟನ್ನು ಎಲ್ಲ ಕಡೆಗೂ ಬಾಗಿಸಿ ನೋಡಿ. ಹೊಸದು ಸ್ವಲ್ಪ ಬಿಗಿಯಾಗಿ, ಎಲ್ಲೂ ತಡೆಯದೆ, ಎಣ್ಣೆ ಹಚ್ಚಿದ ಬಾಗಿಲಿನ ಹಾಗೆ ಹೊರಳಬೇಕು.

ಗುಜರಿಯಿಂದ ತಂದು ನವೀಕರಿಸಿದ ಆಕ್ಸಲ್‌ಗಳೂ ಸಿಗುತ್ತವೆ. ಒಳ್ಳೆಯ ಮೂಲ ಆಕ್ಸಲ್ಲನ್ನು ಬಿಚ್ಚಿ, ತೊಳೆದು, ಬೂಟು ಬದಲಾಯಿಸಿದ್ದಾದರೆ ಅದು ಅಗ್ಗದ ಹೊಸದಕ್ಕಿಂತ ಎಷ್ಟೋ ಮೇಲು. ಸವೆದ ಜಾಡನ್ನು ಸಾಣೆ ಹಿಡಿದು, ಸ್ವಲ್ಪ ದೊಡ್ಡ ಗುಂಡು ತುರುಕಿದ್ದಾದರೆ ಎಚ್ಚರ. ಒಂದೆರಡು ಮಿಲಿಮೀಟರಿನ ಗಡುಸು ಪದರವನ್ನು ಸಾಣೆ ಎಷ್ಟು ತಿಂದಿದೆಯೋ ಅಷ್ಟು ಆಯಸ್ಸು ಹೋಯಿತು. ಯಾವ ಕೆಲಸ ಮಾಡಿದ್ದೀರಿ ಎಂದು ಬಾಯಿಬಿಟ್ಟು ಕೇಳಿ. ಬಿಚ್ಚಿ ತೋರಿಸಿ ಎನ್ನಿ. ತೋರಿಸಿದರೆ ಜಾಡಿನ ಮೇಲೆ ಸಣ್ಣ ಅರ ಉಜ್ಜಿ ನೋಡಬಹುದು. ಗಡುಸಿದ್ದರೆ ಅರ ಜಾರುತ್ತದೆ, ಕಚ್ಚಿದರೆ ಬೇಡ.

ಕ್ರೋಮೊಲಿ ಆಕ್ಸಲ್ ಹಾಕಿಸಲೇ ಎಂದು ಹುಡುಗರು ಕೇಳುತ್ತಾರೆ. ಅದಕ್ಕೆ ಬಳಸುವ 4340 ಎಂಬ ಉಕ್ಕಿನಲ್ಲಿ ಕ್ರೋಮಿಯಂ, ನಿಕ್ಕಲ್, ಮಾಲಿಬ್ಡಿನಂ ಬೆರೆತಿರುತ್ತವೆ. ತಿರುಚಿದರೂ ಮುರಿಯದ ಗುಣ ಅದಕ್ಕೆ ಬಹಳ. 2014ರಲ್ಲಿ ಗೋವಾದಲ್ಲಿ ಶುರುವಾದ ರೇನ್‌ಫಾರೆಸ್ಟ್ ಚಾಲೆಂಜಿನಂಥ ಪಂದ್ಯಕ್ಕೆ ಇಳಿಯುವವರಿಗೆ, ಆಳೆತ್ತರದ ಟೈರು ಹಾಕಿ ಮುಂದಿನ ಡಿಫರೆನ್ಷಿಯಲ್ಲಿಗೆ ಲಾಕರ್ ಕೂರಿಸಿದವರಿಗೆ ಅದು ಬೇಕು. ತೋಟ, ಗದ್ದೆ, ಪೇಟೆ ಎಂದು ಓಡುವ ನಮಗೆ ಬೇಕಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆಕ್ಸಲ್ ಬಿಟ್ಟುಕೊಡದಿದ್ದರೆ ಪೆಟ್ಟು ಡಿಫರೆನ್ಷಿಯಲ್ಲಿನ ಹಲ್ಲಿಗೆ ಹೋಗುತ್ತದೆ. ಆಕ್ಸಲ್ ಬದಲಾಯಿಸುವುದು ಅರ್ಧ ದಿನದ ಕೆಲಸ, ಡಿಫರೆನ್ಷಿಯಲ್ ಬಿಚ್ಚಿ ಕಟ್ಟುವುದು ಹಾಗಲ್ಲ. ಇನ್ನು, ಎಂಥ ಉಕ್ಕೇ ಆಗಲಿ, ಹರಿದ ಬೂಟಿನ ಮರಳನ್ನು ಅದು ಜೀರ್ಣಿಸಿಕೊಳ್ಳಲಾರದು.

ಬೂಟಿನ ಮಾತಿಗೆ ಬಂದೆವು, ಇಲ್ಲಿ ಸ್ವಲ್ಪ ನಿಲ್ಲಬೇಕು. ಬೂಟು ಎರಡು ಬಗೆಯವು. ನಿಯೋಪ್ರಿನ್ ರಬ್ಬರಿನದು ಮೆದು, ಹಿಸುಕಿದರೆ ಹತ್ತಿಯಂತೆ ಬಗ್ಗುತ್ತದೆ. ವರ್ಷಗಳು ಕಳೆದಂತೆ ಮಡಿಕೆಯ ತಳದಲ್ಲಿ ಸಣ್ಣ ಬಿರುಕು ಬಿಡುತ್ತದೆ. ಥರ್ಮೊಪ್ಲಾಸ್ಟಿಕ್ಕಿನದು ಬಿರುಸು, ಉಗುರಿನಲ್ಲಿ ತಟ್ಟಿದರೆ ಟಪ್ ಎನ್ನುತ್ತದೆ. ಕಡ್ಡಿ ಕಲ್ಲುಗಳ ಗೀರನ್ನು ಇದು ಹೆಚ್ಚು ತಾಳುತ್ತದೆ. ನಮ್ಮ ಮಲೆನಾಡಿನ ದಾರಿಗೆ ಹೊರಜಾಯಿಂಟಿಗೆ ಥರ್ಮೊಪ್ಲಾಸ್ಟಿಕ್ಕೇ ಸರಿ. ಆಕ್ಸಲ್ ಬಿಚ್ಚದೆ ಹಾಕಬಹುದು ಎಂದು ಸೀಳಿ ಅಂಟಿಸುವ ಬೂಟು ಮಾರುತ್ತಾರೆ. ದಾರಿಯಲ್ಲಿ ಕೆಟ್ಟು ನಿಂತಾಗ ಮನೆ ಮುಟ್ಟಲು ಅದು ಸಾಕು, ಮಳೆಗಾಲ ಕಳೆಯಲು ಸಾಲದು. ಹೊಸ ಆಕ್ಸಲ್ ತಂದಾಗಲೂ ಅದರ ಬೂಟು ತೆಳುವಾಗಿ ಕಂಡರೆ, ಗಾಡಿಗೆ ಏರಿಸುವ ಮೊದಲೇ ಒಳ್ಳೆಯ ಬೂಟಿಗೆ ಬದಲಾಯಿಸಿಕೊಳ್ಳಿ.

ಬೂಟಿನ ಎರಡು ಬಾಯಿಯನ್ನೂ ಉಕ್ಕಿನ ಕ್ಲಾಂಪಿನಿಂದಲೇ, ಅದರ ಇಕ್ಕಳದಿಂದಲೇ ಬಿಗಿಯಬೇಕು. ಕಟ್ಟಡದ ಬೈಂಡಿಂಗ್ ವೈರಿನಲ್ಲಿ ಸುತ್ತುವುದನ್ನು ಬೇಕಾದಷ್ಟು ನೋಡಿದ್ದೇನೆ. ಆ ತಂತಿ ರಬ್ಬರನ್ನು ಕೊರೆಯುತ್ತದೆ, ಇಲ್ಲವೆ ಸಡಿಲಾಗಿ ಗ್ರೀಸು ಉಗುಳುತ್ತದೆ. ಬಿಗಿಯುವ ಮೊದಲು ಬೂಟಿನ ಸಣ್ಣ ಬಾಯಿಯನ್ನು ಎತ್ತಿ ಒಳಗಿನ ಗಾಳಿ ಬಿಡಬೇಕು. ಇಲ್ಲದಿದ್ದರೆ ಅದು ಉಬ್ಬಿ ಅಥವಾ ಒಳಕ್ಕೆ ಚಪ್ಪಟೆಯಾಗಿ ಮಡಿಕೆಗಳು ಒಂದನ್ನೊಂದು ಉಜ್ಜುತ್ತವೆ. ಗ್ರೀಸು ಎಂದರೆ ಡಬ್ಬದಲ್ಲಿರುವ ಯಾವುದೋ ಚಕ್ರದ ಗ್ರೀಸಲ್ಲ. ಹೊರಜಾಯಿಂಟಿಗೆ ಮಾಲಿಬ್ಡಿನಂ ಡೈಸಲ್ಫೈಡ್ ಬೆರೆಸಿದ ಕಪ್ಪು ಗ್ರೀಸು ಬೇಕು. ಗುಂಡು ಮತ್ತು ಜಾಡಿನ ನಡುವೆ ಒತ್ತಡ ವಿಪರೀತವಾದಾಗಲೂ ಉಳಿಯುವ ಪದರ ಅದರದು. ಟ್ರೈಪಾಡ್ ಒಳಜಾಯಿಂಟಿಗೆ ಎಷ್ಟೋ ತಯಾರಕರು ಬೇರೆ ಬಗೆಯ ಗ್ರೀಸು ಹೇಳುತ್ತಾರೆ. ಬೂಟಿನ ಜೊತೆ ಬಂದ ಪೊಟ್ಟಣವನ್ನು ಅದೇ ಜಾಯಿಂಟಿಗೆ, ಪೂರ್ತಿಯಾಗಿ ಹಾಕಿ. ಡೀಸೆಲ್ಲಿನಲ್ಲಿ ತೊಳೆದ ಜಾಯಿಂಟು ಚೆನ್ನಾಗಿ ಒಣಗುವವರೆಗೆ ಕಾಯಿರಿ, ಉಳಿದ ಡೀಸೆಲ್ ಹೊಸ ಗ್ರೀಸನ್ನು ಕರಗಿಸುತ್ತದೆ.

ಎಷ್ಟು ಒಳ್ಳೆಯದನ್ನು ತಂದರೂ ಬೇಗ ಕೊಲ್ಲುವ ಒಂದು ಅಭ್ಯಾಸ ನಮ್ಮಲ್ಲಿ ಹರಡಿದೆ. ಕಲ್ಲು ತಾಗದಿರಲಿ, ಗಾಡಿ ಗತ್ತಾಗಿ ಕಾಣಲಿ ಎಂದು ಟಾರ್ಷನ್ ಬಾರಿನ ಬೋಲ್ಟು ತಿರುಗಿಸಿ ಮುಂಭಾಗ ಎತ್ತಿಸುವುದು. ಡಿಫರೆನ್ಷಿಯಲ್ ಚಾಸಿಯ ಜೊತೆ ಮೇಲೆ ಹೋಗುತ್ತದೆ, ಚಕ್ರ ನೆಲದಲ್ಲೇ ಉಳಿಯುತ್ತದೆ, ನಡುವಿನ ಆಕ್ಸಲ್ ಇಳಿಜಾರಾಗುತ್ತದೆ. ಎರಡು ಜಾಯಿಂಟುಗಳ ನಡುವೆ 35 ಸೆಂಟಿಮೀಟರ್ ಇದ್ದು ನೀವು 5 ಸೆಂಟಿಮೀಟರ್ ಎತ್ತಿದಿರಿ ಎಂದರೆ ಕೋನ ಸುಮಾರು 8 ಡಿಗ್ರಿ ಹೆಚ್ಚಿತು. ನೇರ ದಾರಿಯಲ್ಲೂ ಜಾಯಿಂಟು ಆ ಕೋನದಲ್ಲೇ ದುಡಿಯಬೇಕು, ಬಿಸಿಯಾಗಬೇಕು, ಬೂಟಿನ ಮಡಿಕೆ ಉಜ್ಜಬೇಕು. ಕಂಪನಿ ಇಟ್ಟ ಎತ್ತರಕ್ಕೆ ಇಳಿಸಿದರೆ ಎಷ್ಟೋ ಗಾಡಿಗಳ ಆಕ್ಸಲ್ ರೋಗ ಅರ್ಧ ವಾಸಿಯಾಗುತ್ತದೆ. ನಾನು ಇಳಿಸಿಕೊಂಡೆ. ನನ್ನ ಎಡಗಡೆಯ ಆಕ್ಸಲ್ ಬೇಗ ಹೋದದ್ದರಲ್ಲಿ ಅಗ್ಗದ ಮಾಲಿನ ಜೊತೆಗೆ ಈ ಎತ್ತರಕ್ಕೂ ಪಾಲಿತ್ತು ಎಂದು ಕಾಕಾ ತೋರಿಸಿಕೊಟ್ಟಿದ್ದರು.

ಓಡಿಸುವ ಕೈಯ ಮಾತೂ ಇದೆ. ಒಂದು ಲೆಕ್ಕ ಹೇಳುತ್ತೇನೆ. ಎಂಜಿನ್ನಿನ ತಿರುಚುಬಲ 200 ನ್ಯೂಟನ್ ಮೀಟರ್ ಇರಲಿ. ಮೊದಲ ಗೇರು ಅದನ್ನು 4 ಪಟ್ಟು, ಲೋ ಗೇರು ಎರಡೂವರೆ ಪಟ್ಟು, ಡಿಫರೆನ್ಷಿಯಲ್ ಮತ್ತೆ 4 ಪಟ್ಟು ಮಾಡಿದರೆ 8000 ಆಯಿತು. ಹಿಂದಿನ ಚಕ್ರಗಳು ಕೆಸರಿನಲ್ಲಿ ಹಿಡಿತ ಕಳೆದುಕೊಂಡರೆ ಅದೆಲ್ಲ ಮುಂದಕ್ಕೆ ಬರುತ್ತದೆ, ಒಂದೊಂದು ಆಕ್ಸಲ್ಲಿನ ಪಾಲಿಗೆ 4000. ಅದೇ ಗಾಡಿ ನೇರ ಗೇರಿನಲ್ಲಿ ಹೆದ್ದಾರಿಯಲ್ಲಿ ಹೋಗುವಾಗ ಹಿಂದಿನ ಒಂದು ಚಕ್ರದ ಪಾಲು ಹೆಚ್ಚೆಂದರೆ 400. ಹತ್ತು ಪಟ್ಟು ಬಲವನ್ನು, ಸ್ಟೇರಿಂಗ್ ತುದಿಯವರೆಗೆ ತಿರುಗಿಸಿ, ಸುತ್ತುತ್ತಿರುವ ಚಕ್ರ ಥಟ್ಟನೆ ಕಚ್ಚುವ ಹೊತ್ತಿನಲ್ಲಿ ಆ ಬಳೆಯ ಮೇಲೆ ಹೇರುತ್ತೇವೆ. ಸ್ಟೇರಿಂಗ್ ತುಸು ನೇರ ಮಾಡಿಕೊಂಡು, ಚಕ್ರ ಜಾರಿದೊಡನೆ ಕಾಲು ತೆಗೆದು, ಹಿಂದೆ ಬಂದು ಇನ್ನೊಂದು ಸಾಲಿನಲ್ಲಿ ಹತ್ತುವುದು ಅವಮಾನವೇನಲ್ಲ. ಒಣ ಟಾರು ರಸ್ತೆ ಸಿಕ್ಕಿದೊಡನೆ ಫೋರ್ ವೀಲ್ ತೆಗೆಯುವುದನ್ನೂ ಮರೆಯಬಾರದು. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ನಡೆಯುವ ದೂರ ಬೇರೆ ಬೇರೆ. ಆ ವ್ಯತ್ಯಾಸ ಜಾರಿಹೋಗಲು ಮಣ್ಣಿಲ್ಲದಿದ್ದರೆ ಆಕ್ಸಲ್ ತಿರುಚಿಕೊಳ್ಳುತ್ತದೆ.

ಕೂರಿಸುವಾಗಿನ ಒಂದೆರಡು ಎಚ್ಚರ. ಆಕ್ಸಲ್ಲನ್ನು ಒಳಜಾಯಿಂಟು ಹಿಡಿದು ಎಳೆಯಬೇಕು. ನಡುವಿನ ದಂಡ ಹಿಡಿದು ಎಳೆದರೆ ಟ್ರೈಪಾಡ್ ಕಳಚಿಬರುತ್ತದೆ. ಬಿಚ್ಚಿದ ಒಂದು ತುದಿಯನ್ನು ಜೋತುಬಿಡದೆ ಹಗ್ಗದಲ್ಲಿ ಕಟ್ಟಿ ನಿಲ್ಲಿಸಬೇಕು. ಡಿಫರೆನ್ಷಿಯಲ್ಲಿನ ಎಣ್ಣೆ ಸೀಲನ್ನು ಇದೇ ಸಂದರ್ಭದಲ್ಲಿ ಹೊಸದು ಹಾಕಿ, ಸೋರಿದ ಗೇರ್ ಎಣ್ಣೆ ತುಂಬಿಸಬೇಕು. ಹಬ್ಬಿನ ನಟ್ಟನ್ನು ಬಲವಿದ್ದಷ್ಟು ಬಿಗಿಯುವುದಲ್ಲ, ಗಾಡಿಯ ಪುಸ್ತಕದಲ್ಲಿರುವ ಅಂಕಿಗೆ ಟಾರ್ಕ್ ರೆಂಚಿನಲ್ಲಿ ಬಿಗಿಯುವುದು. ಆ ರೆಂಚು ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸಬೇಡಿ.

ಎಡಗಡೆಗೆ ಕೊನೆಗೆ ನಾನು ಹಾಕಿಸಿದ್ದು ಮೂಲ ತಯಾರಕರ ಆಕ್ಸಲ್. ಅಗ್ಗದ್ದರ ಎರಡೂವರೆ ಪಟ್ಟು ಬೆಲೆಯಾಯಿತು, ನಾಲ್ಕು ಮಳೆಗಾಲ ದಾಟಿದೆ. ಅದು ಬರುವುದಕ್ಕೆ ಮೊದಲು ನಮ್ಮ ಪಕ್ಕದ ಊರಿನವರೊಬ್ಬರು ಅದೇ ಮಾದರಿಯ ಗಾಡಿಯನ್ನು ಗುಜರಿಗೆ ಕೊಡುತ್ತಿದ್ದಾರೆಂದು ಕಾಕಾ ಹೇಳಿಕಳಿಸಿದ್ದರು. ಹೋಗಿ ಅದರ ಎರಡೂ ಆಕ್ಸಲ್ ಬಿಚ್ಚಿಸಿ ತಂದೆ. ಬೂಟು ಹರಿದಿರಲಿಲ್ಲ, ಜಾಡುಗಳ ಮೇಲೆ ಉಗುರು ಜಾರಿತು. ಹೊಸ ಗ್ರೀಸು, ಹೊಸ ಬೂಟು ಹಾಕಿಸಿ, ಸ್ಪ್ಲೈನಿಗೆ ಎಣ್ಣೆ ಸವರಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕಾಫಿ ಉಗ್ರಾಣದ ಅಟ್ಟದ ಮೇಲೆ ಮಲಗಿಸಿಟ್ಟಿದ್ದೇನೆ. ಒಂದರ ಮೇಲೆ ಎಡ, ಇನ್ನೊಂದರ ಮೇಲೆ ಬಲ ಎಂದು ಸೀಮೆಸುಣ್ಣದಲ್ಲಿ ಬರೆದಿದೆ. ಮೊನ್ನೆ ಜೀಪಿನ ಕೆಳಗೆ ಮಲಗಿದಾಗ ಬಲಗಡೆಯ ಹೊರಬೂಟಿನ ಮೂರನೆಯ ಮಡಿಕೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಗ್ರೀಸು ಇನ್ನೂ ಹೊರಗೆ ಬಂದಿಲ್ಲ. ನಾಳೆ ಬೆಳಿಗ್ಗೆ ಜೀಪನ್ನು ಕಾಕಾ ಅವರ ಹತ್ತಿರ ಒಯ್ಯುತ್ತಿದ್ದೇನೆ.